ಓಲೆಗರಿ ಅನುಕ್ರಮ ನಿರ್ಣಯ
ದಾರ ಹರಿದು ಚೆದುರಿದ ತಾಳೆಗರಿ ಹಸ್ತಪ್ರತಿಯ ಗರಿಗಳನ್ನು ಮೂಲ ಕ್ರಮಕ್ಕೆ ತರುವ ಗ್ರಂಥಸಂಪಾದನಾ ಕೆಲಸ. ತೆಂಗಿನ ಗರಿ ಬರವಣಿಗೆಗೆ ಒದಗದು. ಬರೆಯುತ್ತಿದ್ದುದು ತಾಳೆ, ಶ್ರೀತಾಳೆಗಳ ಮೇಲೆ, ಕಂಠದಿಂದ (ಲೋಹದ ಲೇಖನಿಯಿಂದ) ಕೊರೆದು, ಮಸಿ ತೀಡಿ.

ಗರಿಯ ಸಂಖ್ಯೆ ಸಾಮಾನ್ಯವಾಗಿ ಎಡ ಅಂಚಿನಲ್ಲಿರುತ್ತದೆ. ಮೊದಲು ಮುರಿಯುವುದೂ ಅಂಚೇ. ಆಗ ಕನ್ನಡ ಕಾವ್ಯದಲ್ಲಿ ನೆರವಿಗೆ ಬರುವುದು ದ್ವಿತೀಯಾಕ್ಷರ ಪ್ರಾಸ. ಷಟ್ಪದಿಯೊಂದು ಎರಡನೆಯ ಸಾಲಿಗೇ ತುಂಡಾಗಿ, ಅದರ ಪ್ರಾಸಾಕ್ಷರ ‘ಲ’ ಆಗಿದ್ದರೆ, ಮುಂದಿನ ಗರಿಯಲ್ಲಿ ಉಳಿದ ಸಾಲುಗಳೂ ‘ಲ’ಕಾರವನ್ನೇ ಹಿಡಿದಿರಬೇಕು. ಮಾತ್ರೆಗಳ ಲೆಕ್ಕ, ಸಂಧಿಯೊಳಗಿನ ಪದ್ಯಸಂಖ್ಯೆಗಳೂ ತಾಳೆಯಾಗಬೇಕು. ಗದ್ಯಕ್ಕೆ ಈ ಅನುಕೂಲವಿಲ್ಲ. ಅಲ್ಲಿ ಅರ್ಥವೇ ಮುಖ್ಯ ಆಧಾರ, ಅದೂ ಜಾರುವ ಆಧಾರ.

ಹುಳು ಕೊರೆದ ತೂತು ಅಕ್ಕಪಕ್ಕದ ಗರಿಗಳಲ್ಲಿ ಒಂದೇ ಜಾಗದಲ್ಲಿ ಹಾಯುತ್ತದೆ. ಆದರೆ ಇದು ಹುಳು ಹೊಕ್ಕ ಕಾಲದ ಜೋಡಣೆಯನ್ನಷ್ಟೇ ಹೇಳುತ್ತದೆ. ಕಟ್ಟು ಅದಕ್ಕೂ ಮೊದಲೇ ಅಸ್ತವ್ಯಸ್ತವಾಗಿದ್ದಿರಬಹುದು. ಗರಿಯೇ ಕಳೆದಿದ್ದರೆ ಅದು ಗ್ರಂಥಪಾತ; ಬೇರೆ ಪ್ರತಿ ಸಿಗುವವರೆಗೆ ಜಾಗ ಖಾಲಿ ಬಿಡುವುದೇ ಸರಿ.

1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ (ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ) ಇಂಥ ಓಲೆಕಟ್ಟುಗಳ ದೊಡ್ಡ ಸಂಗ್ರಹವಿದೆ. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಮೂಲ ಓಲೆಪ್ರತಿ ಅಲ್ಲಿಯದು.