ಉಸಿರಿನ ದಾರಿಯಲ್ಲೇ ಆಂಟಿಬಯೋಟಿಕ್: ಬ್ರಾಂಕಿಯೆಕ್ಟಾಸಿಸ್‌ಗೆ ನೆಬುಲೈಸರ್ ಚಿಕಿತ್ಸೆ

ಶ್ವಾಸನಾಳಗಳು ಶಾಶ್ವತವಾಗಿ ಅಗಲಗೊಂಡು, ಕಫವನ್ನು ಹೊರದಬ್ಬುವ ಶಕ್ತಿ ಕಳೆದುಕೊಳ್ಳುವ ಕಾಯಿಲೆಗೆ ಬ್ರಾಂಕಿಯೆಕ್ಟಾಸಿಸ್ ಎಂದು ಹೆಸರು. ಫ್ರಾನ್ಸಿನ ವೈದ್ಯ ರೆನೆ ಲೆನೆಕ್ 1819ರಲ್ಲಿ ಇದನ್ನು ಮೊದಲು ವಿವರಿಸಿದರು. ಭಾರತದಲ್ಲಿ ಇದರ ದೊಡ್ಡ ಕಾರಣ ಹಿಂದೆ ಬಂದುಹೋದ ಕ್ಷಯ. 2019ರಲ್ಲಿ ಪ್ರಕಟವಾದ, ದೇಶದ 31 ಕೇಂದ್ರಗಳ 2,195 ರೋಗಿಗಳ ಅಧ್ಯಯನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಕ್ಷಯದ ನಂತರವೇ ಈ ಕಾಯಿಲೆ ಬಂದಿತ್ತು.

ಸೋಂಕು ಬೇರೂರುವ ಬಗೆ

ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವುಗಳಿಂದಾಗುವ ಉರಿಯೂತ ನಾಳದ ಗೋಡೆಯನ್ನು ಇನ್ನಷ್ಟು ಕೆಡಿಸುತ್ತದೆ; ಗೋಡೆ ಕೆಟ್ಟಷ್ಟೂ ಕಫ ನಿಲ್ಲುತ್ತದೆ. ಈ ವಿಷಚಕ್ರದಲ್ಲಿ ವೈದ್ಯರು ಹೆಚ್ಚು ಅಂಜುವುದು ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾಕ್ಕೆ. ಅದು ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಂಡು ಔಷಧದಿಂದ ತಪ್ಪಿಸಿಕೊಳ್ಳುತ್ತದೆ. ಒಂದು ವರ್ಷದೊಳಗೆ, ಕನಿಷ್ಠ ಮೂರು ತಿಂಗಳ ಅಂತರದಲ್ಲಿ ಎರಡು ಬಾರಿ ಕಫದ ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಅದೇ ಬ್ಯಾಕ್ಟೀರಿಯಾ ಕಂಡರೆ ಸೋಂಕು ದೀರ್ಘಕಾಲೀನ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಉಸಿರಿನ ದಾರಿಯೇ ಏಕೆ?

ಟೋಬ್ರಾಮೈಸಿನ್, ಜೆಂಟಾಮೈಸಿನ್, ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗಳನ್ನು ನುಂಗಿದರೆ ಕರುಳು ಹೀರಿಕೊಳ್ಳುವುದಿಲ್ಲ. ರಕ್ತನಾಳಕ್ಕೆ ಕೊಟ್ಟರೆ ಕಫಕ್ಕೆ ತಲುಪುವುದು ಸ್ವಲ್ಪವೇ; ಪ್ರಮಾಣ ಏರಿಸಿದರೆ ಮೂತ್ರಪಿಂಡಕ್ಕೆ ಪೆಟ್ಟು, ಮೊದಲೆರಡರಿಂದ ಕಿವಿಗೂ ಅಪಾಯ. ಅದೇ ಔಷಧವನ್ನು ಉಸಿರಿನೊಡನೆ ಎಳೆದುಕೊಂಡರೆ ಕಫದಲ್ಲಿ ಅದರ ಸಾಂದ್ರತೆ ಹಲವು ಪಟ್ಟು ಹೆಚ್ಚುತ್ತದೆ, ರಕ್ತದಲ್ಲಿ ಕಡಿಮೆಯೇ ಉಳಿಯುತ್ತದೆ. ದ್ರವ ಔಷಧವನ್ನು ಮಂಜಿನಂಥ ಹನಿಗಳಾಗಿಸುವ ಉಪಕರಣವೇ ನೆಬುಲೈಸರ್; ಆ ಹನಿಗಳ ಗಾತ್ರ ಸುಮಾರು 1ರಿಂದ 5 ಮೈಕ್ರಾನ್ ಇರಬೇಕು. ಅದಕ್ಕಿಂತ ದೊಡ್ಡವು ಗಂಟಲಲ್ಲೇ ಉಳಿಯುತ್ತವೆ.

ಪ್ರಯೋಗಗಳು ಹೇಳುವುದೇನು?

ಈ ವಿಧಾನ ಮೊದಲು ಗಟ್ಟಿಯಾಗಿ ನೆಲೆಯೂರಿದ್ದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ. ಅದಕ್ಕಾಗಿ ಅಮೆರಿಕ 1997ರಲ್ಲಿ ಟೋಬ್ರಾಮೈಸಿನ್ ದ್ರಾವಣಕ್ಕೆ ಒಪ್ಪಿಗೆ ಕೊಟ್ಟಿತು: 300 ಮಿಲಿಗ್ರಾಂ, ದಿನಕ್ಕೆರಡು ಸಲ, 28 ದಿನ ಸೇವನೆ, 28 ದಿನ ಬಿಡುವು. ಬ್ರಾಂಕಿಯೆಕ್ಟಾಸಿಸ್‌ನಲ್ಲಿ ಫಲ ಅಷ್ಟು ನೇರವಾಗಿ ಸಿಗಲಿಲ್ಲ. 2014ರಲ್ಲಿ ವರದಿಯಾದ, ಅಜ್ಟ್ರಿಯೋನಾಮ್ ಎಂಬ ಇನ್ನೊಂದು ಆಂಟಿಬಯೋಟಿಕ್‌ನ ಪ್ರಯೋಗಗಳು ನಿರಾಸೆ ತಂದವು. ಕೊಲಿಸ್ಟಿನ್‌ನ ಜೋಡಿ ಪ್ರಯೋಗಗಳ ಫಲಿತಾಂಶ 2024ರಲ್ಲಿ ಬಂತು. ಮೊದಲನೆಯದರಲ್ಲಿ ರೋಗ ಉಲ್ಬಣಿಸುವ ಸರಾಸರಿ ಹುಸಿ ಔಷಧ ಪಡೆದವರಲ್ಲಿ ವರ್ಷಕ್ಕೆ 0.95 ಬಾರಿ, ಕೊಲಿಸ್ಟಿನ್ ಪಡೆದವರಲ್ಲಿ 0.58 ಬಾರಿ ಇತ್ತು; ಕೋವಿಡ್ ಕಾಲದಲ್ಲಿ ಅರ್ಧಕ್ಕೇ ನಿಂತ ಎರಡನೆಯದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಉಸಿರಿನ ಮೂಲಕ ಕೊಡುವ ಆಂಟಿಬಯೋಟಿಕ್ ಆಯ್ದ ರೋಗಿಗಳ ಚಿಕಿತ್ಸೆ. 2017ರ ಯುರೋಪಿನ ಮಾರ್ಗಸೂಚಿ ಇದನ್ನು ಮುಖ್ಯವಾಗಿ ಸೂಚಿಸಿದ್ದು ಸ್ಯೂಡೊಮೊನಾಸ್ ನೆಲೆಸಿ, ವರ್ಷಕ್ಕೆ ಮೂರು ಅಥವಾ ಹೆಚ್ಚು ಬಾರಿ ಕಾಯಿಲೆ ಉಲ್ಬಣಿಸುವವರಿಗೆ.

ಮನೆಯಲ್ಲಿ ಅನುಸರಿಸುವ ಕ್ರಮ

ಮೊದಲ ಡೋಸ್ ಆಸ್ಪತ್ರೆಯಲ್ಲೇ. ಔಷಧಕ್ಕೆ ಮುಂಚೆ ಮತ್ತು ನಂತರ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿ, ಶ್ವಾಸನಾಳ ಬಿಗಿಯುವುದಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಮನೆಯಲ್ಲಿ ಮೊದಲು ಸಾಲ್ಬುಟಮಾಲ್‌ನಂಥ ನಾಳ ಹಿಗ್ಗಿಸುವ ಔಷಧ, ಬಳಿಕ ವೈದ್ಯರು ಹೇಳಿದ್ದರೆ ಉಪ್ಪುನೀರಿನ ನೆಬುಲೈಸೇಶನ್, ಆಮೇಲೆ ಎದೆಯ ಫಿಸಿಯೋಥೆರಪಿಯಿಂದ ಕಫ ಹೊರಹಾಕುವುದು, ಆಂಟಿಬಯೋಟಿಕ್ ಕೊನೆಗೆ. ಕಫ ತುಂಬಿದ ನಾಳದೊಳಕ್ಕೆ ಔಷಧ ಇಳಿಯುವುದಿಲ್ಲ.

ಕೊಲಿಸ್ಟಿನ್ ಪುಡಿಯ ಸೀಸೆಗೆ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆ ಬರುತ್ತದೆ. ಕಲಸಿದ ಔಷಧವನ್ನು ಕೂಡಲೇ ಬಳಸಬೇಕು. ಇಟ್ಟರೆ ಅದರಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಅಂಶ ರೂಪುಗೊಳ್ಳುತ್ತದೆ; ಮೊದಲೇ ಕಲಸಿಟ್ಟ ದ್ರಾವಣ ಬಳಸಿದ ರೋಗಿಯೊಬ್ಬರು ಸತ್ತ ಬಳಿಕ ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿ ಎಚ್ಚರಿಕೆ ಹೊರಡಿಸಿದ್ದರು. ನೆಬುಲೈಸರ್‌ನ ಬಟ್ಟಲನ್ನು ಪ್ರತಿಸಲ ತೊಳೆದು ಪೂರ್ತಿ ಒಣಗಿಸಬೇಕು. ಸ್ಯೂಡೊಮೊನಾಸ್‌ಗೆ ತೇವವೆಂದರೆ ಬಲು ಪ್ರೀತಿ.

ತೊಂದರೆಗಳು ಮತ್ತು ನಿಗಾ

ಕೆಮ್ಮು, ಎದೆ ಬಿಗಿತ, ದನಿ ಒಡೆಯುವುದು, ಬಾಯಿಗೆ ಕಹಿ ರುಚಿ ಸಾಮಾನ್ಯ. ಟೋಬ್ರಾಮೈಸಿನ್, ಜೆಂಟಾಮೈಸಿನ್ ಸೇದುವವರು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ತಲೆಯೆತ್ತುವ ಭಯವೂ ಇರುವುದರಿಂದ ಆಗಾಗ ಕಫ ಪರೀಕ್ಷೆ ಬೇಕು. ಅಗಲಗೊಂಡ ನಾಳವನ್ನು ಈ ಚಿಕಿತ್ಸೆ ಮೊದಲಿನಂತೆ ಮಾಡದು. ಉಲ್ಬಣಗಳು ಕಡಿಮೆಯಾದವೇ ಎಂಬುದೇ ಇದರ ಅಳತೆ. ಕಡಿಮೆಯಾಗದಿದ್ದರೆ ಮುಂದುವರಿಸಬೇಕೆ ಎಂದು ವೈದ್ಯರೊಡನೆ ಮರುಚರ್ಚೆ ಮಾಡಬೇಕು.