75 ಸೆಂಟಿನ ವ್ಯತ್ಯಾಸ

ಕಂಪ್ಯೂಟರ್ ಕಳ್ಳರನ್ನು ಬೆನ್ನಟ್ಟಿ ಹಿಡಿದ ಮೊದಲ ದೊಡ್ಡ ಪ್ರಕರಣಗಳಲ್ಲೊಂದು ಶುರುವಾದದ್ದು ಲೆಕ್ಕ ತಾಳೆಯಾಗದೆ. ಅದು 1986ರ ಆಗಸ್ಟ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹಲವು ವಿಭಾಗಗಳ ವಿಜ್ಞಾನಿಗಳು ದೊಡ್ಡ ಕಂಪ್ಯೂಟರುಗಳನ್ನು ಹಂಚಿಕೊಂಡು ಬಳಸುತ್ತಿದ್ದರು. ಬಳಸಿದ ಹೊತ್ತಿಗೆ ತಕ್ಕಂತೆ ಅವರವರ ಖಾತೆಗೆ ಬಿಲ್ ಬೀಳುತ್ತಿತ್ತು. ಒಮ್ಮೆ ಆ ಲೆಕ್ಕದಲ್ಲಿ 75 ಸೆಂಟು ವ್ಯತ್ಯಾಸ ಬಂತು. ಖಗೋಳಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಕ್ಲಿಫರ್ಡ್ ಸ್ಟಾಲ್ ಅವರಿಗೆ ಅದನ್ನು ಹುಡುಕುವ ಕೆಲಸ ಬಿತ್ತು.

ಮುಕ್ಕಾಲು ಡಾಲರಿಗೆ ಇಷ್ಟು ರಾದ್ಧಾಂತವೇ ಎಂದು ಬೇರೆಯವರು ಕೇಳಬಹುದು, ಲೆಕ್ಕಪತ್ರ ನೋಡುವ ನಾವು ಕೇಳುವುದಿಲ್ಲ. ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿದಾಗಲೂ ಕೊನೆಗೆ ಉಳಿಯುವುದು ಚಿಲ್ಲರೆಯೇ. ಸ್ಟಾಲ್ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಿಲ್ ಕಟ್ಟಬೇಕಾದ ಖಾತೆಯೇ ಇಲ್ಲದ ಒಬ್ಬ ಬಳಕೆದಾರ. ಅವನು ಈ ಪ್ರಯೋಗಾಲಯವನ್ನು ಮೆಟ್ಟಿಲು ಮಾಡಿಕೊಂಡು ಅಮೆರಿಕದ ಸೇನೆಯ ಕಂಪ್ಯೂಟರುಗಳಿಗೆ ನುಗ್ಗುತ್ತಿದ್ದ. ಯಂತ್ರದ ಯಜಮಾನಿಕೆಯೇ ಅವನ ಕೈಗೆ ಹೋಗಿದ್ದರಿಂದ ಅದರೊಳಗಿನ ದಾಖಲೆಯನ್ನು ಅವನು ಅಳಿಸಬಹುದಿತ್ತು. ಸ್ಟಾಲ್ ಹೊರಗಿನಿಂದ ಬರುವ ತಂತಿಗಳಿಗೇ ಪ್ರಿಂಟರುಗಳನ್ನು ಜೋಡಿಸಿದರು. ಕಳ್ಳ ಒತ್ತಿದ ಪ್ರತಿ ಅಕ್ಷರವೂ ಅವನಿಗೆ ತಿಳಿಯದಂತೆ ಕಾಗದಕ್ಕೆ ಇಳಿಯಿತು. ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್‌ನನ್ನು ಮುಟ್ಟಿತು. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು.

ಆ ಕಾಲದಲ್ಲಿ ಇಂಥ ದೂರನ್ನು ಯಾರಿಗೆ ಕೊಡಬೇಕೆಂಬುದೇ ಸ್ಪಷ್ಟವಿರಲಿಲ್ಲ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಅಂತರ್ಜಾಲದ ಸಾವಿರಾರು ಯಂತ್ರಗಳನ್ನು ಕಂಗೆಡಿಸಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ, ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ಘಟನೆಗಳನ್ನು ನಿಭಾಯಿಸುವ 'ಸರ್ಟ್' ಕೇಂದ್ರ ಹುಟ್ಟಿತು. ಮುಂದೆ ಈ ಕೆಲಸಕ್ಕೊಂದು ಕ್ರಮ ಬಂತು: ಮೊದಲೇ ತಯಾರಿ, ಪತ್ತೆ, ಹರಡದಂತೆ ತಡೆ, ಚೇತರಿಕೆ, ಕೊನೆಗೆ ಪಾಠ ಬರೆದಿಡುವುದು.

2006ರಲ್ಲಿ ಅಮೆಜಾನ್ ಕಂಪನಿ ಕಂಪ್ಯೂಟರನ್ನೂ ಸಂಗ್ರಹದ ಜಾಗವನ್ನೂ ಬಾಡಿಗೆಗೆ ಕೊಡತೊಡಗಿತು. ಬಳಸಿದಷ್ಟಕ್ಕೆ ಬಿಲ್ ಎಂಬ ಬರ್ಕ್ಲಿಯ ಹಳೆಯ ಪದ್ಧತಿ 'ಕ್ಲೌಡ್' ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹಬ್ಬಿತು. ಆದರೆ ಬಾಡಿಗೆದಾರನಿಗೆ ಸ್ಟಾಲ್ ಅವರಂತೆ ತಂತಿಯ ಹತ್ತಿರ ಹೋಗಿ ಪ್ರಿಂಟರ್ ಜೋಡಿಸಲು ಬರುವುದಿಲ್ಲ. ಯಾರು ಯಾವಾಗ ಬಂದು ಏನು ಮುಟ್ಟಿದರೆಂದು ಬರೆದಿಡುವ ದಾಖಲೆ, ಅಂದರೆ ಲಾಗ್, ಮನೆ ಮಾಲೀಕನ ಕೈಯಲ್ಲಿದೆ. ಅವನು ಬರೆದಷ್ಟು, ತೋರಿಸಿದಷ್ಟು, ಉಳಿಸಿದಷ್ಟು ದಿನ ಮಾತ್ರ ನಮಗೆ ಲಭ್ಯ.

ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣದಲ್ಲಿ ಲಾಗ್ ಇತ್ತು. 2019ರ ಮಾರ್ಚ್ 22 ಮತ್ತು 23ರಂದು, ಸರಿಯಾಗಿ ಹೊಂದಿಸದ ಫೈರ್‌ವಾಲ್ ಮೂಲಕ ಒಬ್ಬರು ಬ್ಯಾಂಕಿನ ಕ್ಲೌಡ್ ಸಂಗ್ರಹಕ್ಕೆ ನುಗ್ಗಿದರು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರ ಹೊರಗೆ ಹೋಯಿತು. ಬ್ಯಾಂಕಿಗೆ ಸುಳಿವು ಸಿಕ್ಕಿದ್ದು ಜುಲೈ 17ರಂದು, ಹೊರಗಿನವರೊಬ್ಬರ ಇಮೇಲ್‌ನಿಂದ. ತೆರೆದು ನೋಡಿದರೆ ಲಾಗ್‌ನಲ್ಲಿ ಜಾಡು ಹಾಗೆಯೇ ಇತ್ತು. ಮಾರ್ಚ್ 22ರಿಂದ ಜುಲೈ 17ಕ್ಕೆ 117 ದಿನ. ಲಾಗ್ ಅನ್ನು 90 ದಿನಕ್ಕೆ ಅಳಿಸುವ ಪದ್ಧತಿ ಅಲ್ಲಿದ್ದಿದ್ದರೆ ಆ ಜಾಡೂ ಸಿಗುತ್ತಿರಲಿಲ್ಲ. 2020ರಲ್ಲಿ ಬ್ಯಾಂಕಿನ ಮೇಲೆ 8 ಕೋಟಿ ಡಾಲರ್ ದಂಡ ಬಿತ್ತು.

2023ರಲ್ಲಿ ತೊಡಕು ಇನ್ನೊಂದು ಬಗೆಯದು. ಮೈಕ್ರೋಸಾಫ್ಟ್ ಕಂಪನಿಯ 2016ರ ಒಂದು ಸಹಿ ಕೀಲಿಯನ್ನು ಹೇಗೋ ಪಡೆದ ಚೀನಾ ಮೂಲದ ತಂಡವೊಂದು 22 ಸಂಸ್ಥೆಗಳ ಮೇಲ್ ಓದಿತು. ಅದನ್ನು ಜೂನ್ 15ರಂದು ಪತ್ತೆ ಮಾಡಿದ್ದು ಅಮೆರಿಕದ ವಿದೇಶಾಂಗ ಇಲಾಖೆ. ಯಾವ ಮೇಲ್ ಯಾರು ತೆರೆದರೆಂದು ತೋರಿಸುವ ಲಾಗ್ ಆ ಇಲಾಖೆಯ ದುಬಾರಿ ಲೈಸೆನ್ಸಿನಲ್ಲಿ ಸೇರಿತ್ತು. ಕಡಿಮೆ ದರದ ಲೈಸೆನ್ಸ್ ಇದ್ದವರಿಗೆ ಆ ಲಾಗ್ ಸಿಗುತ್ತಿರಲಿಲ್ಲ, ಮನೆಗೆ ಕಳ್ಳ ಬಂದು ಹೋದದ್ದನ್ನು ಅವರು ತಾವಾಗಿ ತಿಳಿಯುವ ದಾರಿಯೂ ಇರಲಿಲ್ಲ. ಟೀಕೆಯ ನಂತರ ಜುಲೈನಲ್ಲಿ ಮೈಕ್ರೋಸಾಫ್ಟ್ ಅಂಥ ಲಾಗ್‌ಗಳನ್ನು ಹೆಚ್ಚಿನ ದರವಿಲ್ಲದೆ ಕೊಡುವುದಾಗಿಯೂ, 90 ದಿನದ ಬದಲು 180 ದಿನ ಉಳಿಸುವುದಾಗಿಯೂ ಹೇಳಿತು. ಈ ದಾಳಿಯನ್ನು ತಡೆಯಬಹುದಿತ್ತು ಎಂದು 2024ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಪರಿಶೀಲನಾ ಮಂಡಳಿ ವರದಿ ಕೊಟ್ಟಿತು.

ಭಾರತದಲ್ಲಿ ಈ 180 ದಿನ ಅದಕ್ಕೂ ಮೊದಲೇ ಕಡ್ಡಾಯವಾಗಿತ್ತು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ನಿಗದಿತ ಬಗೆಯ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಬೇಕು. ಕ್ಲೌಡ್ ಸೇವೆ ಕೊಡುವವರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಇದು ಎಂಜಿನಿಯರುಗಳಿಗೆ ಬಿಟ್ಟ ವಿಷಯವೆಂದು ನನ್ನ ವೃತ್ತಿಯವರು ಭಾವಿಸುವುದುಂಟು. ಆದರೆ ಲಾಗ್ ಉಳಿಸುವ ಖರ್ಚು ಬಜೆಟ್ಟಿನಲ್ಲಿ ಒಂದು ಸಾಲಾಗಿ ನಮ್ಮ ಮೇಜಿಗೇ ಬರುತ್ತದೆ. ಖರ್ಚು ಇಳಿಸಬೇಕಾದಾಗ ಮೊದಲು ಕಣ್ಣಿಗೆ ಬೀಳುವುದೂ ಅಂಥ ಸಾಲೇ, ಏಕೆಂದರೆ ಏನೂ ಅನಾಹುತವಾಗದ ವರ್ಷ ಅದರಿಂದ ಬಂದ ಲಾಭ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಆ ಸಾಲನ್ನು ಹೊಡೆದು ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ: ಈ ದಾಖಲೆ ಎಷ್ಟು ದಿನ ಉಳಿಯುತ್ತದೆ? ಅದನ್ನು ಯಾರು ಓದುತ್ತಾರೆ? ಬರ್ಕ್ಲಿಯಲ್ಲಿ ಇವೆರಡಕ್ಕೂ ಉತ್ತರವಿದ್ದುದರಿಂದಲೇ 75 ಸೆಂಟು ಹ್ಯಾನೋವರಿನವರೆಗೆ ಹೋಯಿತು.