ಅಂಗಡಿ, ಗೋಡೌನು ಮಾಳಿಗೆಯ ಮೇಲೆ ಸೋಲಾರ್ : ಹಾಕಿಸುವ ಮುನ್ನ ನೋಡಬೇಕಾದ್ದೇನು?

ಬೇರಿಕೆ : ಮನೆಯ ಕರೆಂಟ್ ಬಿಲ್ಲಿಗೂ ಅಂಗಡಿಯ ಕರೆಂಟ್ ಬಿಲ್ಲಿಗೂ ಅಜಗಜಾಂತರ. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ. ಅಂಗಡಿ, ಹೋಟೆಲು, ಕಲ್ಯಾಣ ಮಂಟಪ, ಗೋಡೌನುಗಳಿಗೆ ಆ ರಿಯಾಯಿತಿ ಇಲ್ಲ. ಸ್ವಲ್ಪ ಹೆಚ್ಚು ಬಳಸಿದರೂ ಯೂನಿಟ್ಟಿಗೆ ಹತ್ತು ರೂಪಾಯಿಯ ಆಸುಪಾಸು ಬೀಳುತ್ತದೆ, ಲೋಡಿನ ಮೇಲಿನ ಸ್ಥಿರ ಶುಲ್ಕ ಬೇರೆ. ಹೀಗಾಗಿಯೇ ಬೇರಿಕೆ, ಬಾಗಲೂರು, ಶೂಳಗಿರಿ ಕಡೆಯ ವ್ಯಾಪಾರಸ್ಥರಿಗೆ ಮಾಳಿಗೆಯ ಮೇಲಿನ ಸೋಲಾರ್ ಆಕರ್ಷಕವಾಗಿ ಕಾಣುತ್ತದೆ. ಲಾಭದ ಬಾಬತ್ತೂ ಹೌದು. ಆದರೆ ಮಾರಲು ಬರುವವರು ಹೇಳುವ ಲೆಕ್ಕವೇ ಬೇರೆ, ಇ.ಬಿ. ಬಿಲ್ಲಿನಲ್ಲಿ ಬರುವ ಲೆಕ್ಕವೇ ಬೇರೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆಯ ಸಬ್ಸಿಡಿ, ಅಂದರೆ 3 ಕಿಲೋವ್ಯಾಟ್ ಹಾಗೂ ಅದಕ್ಕಿಂತ ದೊಡ್ಡ ಘಟಕಕ್ಕೆ ಸಿಗುವ 78,000 ರೂಪಾಯಿ, ವಾಸದ ಮನೆಗಳಿಗೆ ಮಾತ್ರ. ಕಮರ್ಷಿಯಲ್ ಮೀಟರಿಗೆ ಅದು ಇಲ್ಲ. 'ಅಂಗಡಿಗೂ ಸಬ್ಸಿಡಿ ಮಾಡಿಸಿಕೊಡುತ್ತೇವೆ' ಎಂದು ಮುಂಗಡ ಕೇಳುವವರು ಬಂದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸುವುದು ಒಳ್ಳೆಯದು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಈ ಭಾಗದಲ್ಲಿ ಬಹಳ. ಅಲ್ಲಿ ಎರಡು ಮೀಟರ್ ಇದ್ದರೆ ಮನೆಯ ಮೀಟರಿಗೆ ಸಬ್ಸಿಡಿಯ ಘಟಕ, ಅಂಗಡಿಗೆ ಪ್ರತ್ಯೇಕ ಘಟಕ ಎಂದು ಬೇರೆ ಬೇರೆಯಾಗಿಯೇ ಅರ್ಜಿ ಹಾಕಬೇಕು.

ವ್ಯಾಪಾರಿಗಳಿಗೆ ಸಿಗುವ ಅನುಕೂಲ ಬೇರೆ ದಾರಿಯಲ್ಲಿದೆ. ಆದಾಯ ತೆರಿಗೆ ಲೆಕ್ಕದಲ್ಲಿ ಸೋಲಾರ್ ಉಪಕರಣಕ್ಕೆ ಶೇ. 40ರಷ್ಟು ಸವಕಳಿ ತೋರಿಸಬಹುದು. ಫಲಕಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ. ತೆರಿಗೆಯನ್ನೇ ಕಟ್ಟದವರಿಗೆ ಸವಕಳಿಯಿಂದ ಏನೂ ಸಿಗದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲು ಬಿಲ್ಲು, ಆಮೇಲೆ ಮಾಳಿಗೆ

'ನಿಮ್ಮ ಮಾಳಿಗೆ ಎಷ್ಟು ಚದರಡಿ?' ಎಂಬುದು ಸಾಮಾನ್ಯವಾಗಿ ಕೇಳಿಬರುವ ಮೊದಲ ಪ್ರಶ್ನೆ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ಜಾಗ ಬೇಕಾಗುವುದರಿಂದ 2,000 ಚದರಡಿ ಮಾಳಿಗೆಗೆ 20 ಕಿಲೋವ್ಯಾಟ್ ಎಂದು ಲೆಕ್ಕ ಹಾಕಿಬಿಡುತ್ತಾರೆ. ಇದು ತಪ್ಪು ತುದಿಯಿಂದ ಹಿಡಿದ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ನಡೆಯದು. ಹಾಸಿಗೆ ದೊಡ್ಡದಿದೆ ಎಂದು ಕಾಲನ್ನು ಉದ್ದ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲವಲ್ಲ! ಕೇಳಬೇಕಾದ ಪ್ರಶ್ನೆ, ಬೆಳಗ್ಗೆ ಎಂಟರಿಂದ ಸಂಜೆ ಐದರೊಳಗೆ ಈ ಕಟ್ಟಡದಲ್ಲಿ ಎಷ್ಟು ಯೂನಿಟ್ ಉರಿಯುತ್ತದೆ ಎಂಬುದು.

ಕಾರಣ, ತಮಿಳುನಾಡಿನಲ್ಲಿ ಕಮರ್ಷಿಯಲ್ ಗ್ರಾಹಕರಿಗೆ ಯೂನಿಟ್ಟಿಗೆ ಯೂನಿಟ್ ವಜಾ ಮಾಡುವ ನೆಟ್ ಮೀಟರಿಂಗ್ ಇಲ್ಲ. ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ 2021ರ ಆದೇಶದ ಪ್ರಕಾರ ಅವರಿಗೆ ಇರುವುದು ನೆಟ್ ಫೀಡ್-ಇನ್ ಪದ್ಧತಿ. ಬಿಸಿಲಿನ ಹೊತ್ತಿನಲ್ಲಿ ಕಟ್ಟಡದೊಳಗೇ ಬಳಸಿಕೊಂಡ ಯೂನಿಟ್ಟಿಗೆ ಪೂರ್ತಿ ಬೆಲೆ ಉಳಿಯುತ್ತದೆ. ಬಳಸದೆ ತಂತಿಗೆ ಹೋದ ಯೂನಿಟ್ಟಿಗೆ ಆಯೋಗ ನಿಗದಿ ಮಾಡಿದ ದರ ಮಾತ್ರ. ಅದು ನಾವು ಕೊಳ್ಳುವ ದರದ ಅರ್ಧಕ್ಕಿಂತಲೂ ಕಡಿಮೆ. ಸಾಲದ್ದಕ್ಕೆ ಜಾಲ ಶುಲ್ಕ ಎಂಬುದೊಂದಿದೆ. ಅರ್ಜಿ ಹಾಕುವ ದಿನ ಈ ಎರಡರ ಚಾಲ್ತಿ ದರವನ್ನೂ ಇ.ಬಿ. ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಬೇಕು.

ಒಂದು ಉದಾಹರಣೆ ನೋಡೋಣ. ಒಂದು ಅಂಗಡಿಯಲ್ಲಿ ತಿಂಗಳಿಗೆ 1,200 ಯೂನಿಟ್ ಖರ್ಚು, ಅದರಲ್ಲಿ ಹಗಲಿನದು 800 ಎಂದುಕೊಳ್ಳೋಣ. ಈ ಭಾಗದಲ್ಲಿ ಒಂದು ಕಿಲೋವ್ಯಾಟ್ ಘಟಕ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. 6 ಕಿಲೋವ್ಯಾಟ್ ಹಾಕಿದರೆ 720 ಯೂನಿಟ್. ಹೆಚ್ಚುಕಡಿಮೆ ಎಲ್ಲವೂ ಒಳಗೇ ಬಳಕೆಯಾಗಿ, ಯೂನಿಟ್ಟಿಗೆ 10 ರೂಪಾಯಿಯಂತೆ 7,200 ರೂಪಾಯಿ ಉಳಿತಾಯ. ಅದೇ 20 ಕಿಲೋವ್ಯಾಟ್ ಹಾಕಿದರೆ 2,400 ಯೂನಿಟ್ ಬರುತ್ತದೆ. 800ಕ್ಕೆ 8,000 ರೂಪಾಯಿ ಉಳಿಯಿತು. ಮಿಕ್ಕ 1,600 ಯೂನಿಟ್ ಹೊರಗೆ ಹೋಯಿತು, ಮೂರೂವರೆ ರೂಪಾಯಿ ಹಿಡಿದರೂ 5,600. ಒಟ್ಟು 13,600. ಕಿಲೋವ್ಯಾಟಿಗೆ 50,000 ರೂಪಾಯಿ ವೆಚ್ಚ ಎಂದಿಟ್ಟುಕೊಂಡರೆ ಮೊದಲನೆಯದರ ಬಂಡವಾಳ ಮೂರೂವರೆ ವರ್ಷದಲ್ಲಿ ವಾಪಸು, ಎರಡನೆಯದಕ್ಕೆ ಆರು ವರ್ಷದ ಮೇಲೆ. ಜಾಲ ಶುಲ್ಕ, ಸಾಲದ ಬಡ್ಡಿ ಸೇರಿದರೆ ಎರಡೂ ಇನ್ನಷ್ಟು ಮುಂದಕ್ಕೆ ಹೋಗುತ್ತವೆ, ಆದರೆ ಪೆಟ್ಟು ಹೆಚ್ಚು ಬೀಳುವುದು ದೊಡ್ಡದಕ್ಕೇ.

ಹೀಗೆ ನೋಡಿದಾಗ ಯಾವ ಕಟ್ಟಡಕ್ಕೆ ಸೋಲಾರ್ ಹೊಂದುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಗುಲಾಬಿ ಇಡುವ ಕೋಲ್ಡ್ ರೂಮು ಹಗಲಿಡೀ ಓಡುತ್ತದೆ, ಬಿಸಿಲು ಹೆಚ್ಚಿದಷ್ಟೂ ಅದಕ್ಕೆ ಕರೆಂಟೂ ಹೆಚ್ಚು ಬೇಕು. ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪು, ಹಾಲಿನ ಕೇಂದ್ರಗಳೂ ಪರವಾಗಿಲ್ಲ. ಖಾಸಗಿ ಶಾಲೆಗೆ ಹಗಲಿನ ಬಳಕೆ ಇದೆ, ಆದರೆ ಬಿಸಿಲು ಚೆನ್ನಾಗಿರುವ ಏಪ್ರಿಲ್, ಮೇನಲ್ಲಿ ರಜೆ. ಕಲ್ಯಾಣ ಮಂಟಪದ ಮಾಳಿಗೆ ಎಲ್ಲಕ್ಕಿಂತ ದೊಡ್ಡದು, ಮಾರುವವರ ಕಣ್ಣು ಮೊದಲು ಬೀಳುವುದೂ ಅಲ್ಲೇ. ಆದರೆ ಅಲ್ಲಿ ದೀಪ ಉರಿಯುವುದು ಆರತಕ್ಷತೆಯ ರಾತ್ರಿ, ಆಷಾಢ ಬಂದರೆ ಅದೂ ಇಲ್ಲ. ಅಂಥ ಕಡೆ ಸಣ್ಣ ಘಟಕವೇ ಸಾಕು.

ಗಡಿಯ ಆಚೆ ಈಚೆ

ಬೇರಿಕೆಯಲ್ಲಿ ಮನೆ, ಮಾಲೂರಿನಲ್ಲಿ ಗೋಡೌನು ಇರುವವರಿಗೆ ಇನ್ನೊಂದು ಗೊಂದಲ. ಅಲ್ಲಿ ಬೆಸ್ಕಾಂ, ಇಲ್ಲಿ ಇ.ಬಿ. 2024ರಲ್ಲಿ ಟ್ಯಾಂಜೆಡ್ಕೊ ವಿಭಜನೆಯಾದ ಮೇಲೆ ಇಲ್ಲಿನ ಕಚೇರಿಯ ಹೆಸರು ತಮಿಳುನಾಡು ವಿದ್ಯುತ್ ವಿತರಣಾ ನಿಗಮ ಎಂದಾಗಿದೆ. ಕರ್ನಾಟಕದಲ್ಲಿ ನೆಟ್ ಮೀಟರಿಂಗ್ ಇರುವುದರಿಂದ ಹೊರಗೆ ಕೊಟ್ಟ ಯೂನಿಟ್ಟನ್ನು ಒಳಗೆ ಪಡೆದ ಯೂನಿಟ್ಟಿನಲ್ಲಿ ಕಳೆದು, ಹೆಚ್ಚು ಉಳಿದಿದ್ದಕ್ಕೆ ಮಾತ್ರ ಆಯೋಗದ ದರ ಕೊಡುತ್ತಾರೆ. ಮಾಲೂರಿನ ನೆಂಟರ ಅಂಗಡಿಯಲ್ಲಿ ಸರಿಬಂದ ಲೆಕ್ಕ ಬೇರಿಕೆಯಲ್ಲಿ ಸರಿಬರುವುದಿಲ್ಲ. ಬೆಂಗಳೂರಿನ ಏಜೆಂಟರು ಆ ಕಡೆಯ ಲೆಕ್ಕದ ಹಾಳೆಯನ್ನೇ ತಂದು ಈ ಕಡೆ ತೋರಿಸಿದರೆ ಎಚ್ಚರ ಬೇಕು.

ಆ ಕಡೆಯೂ ದರ ಶಾಶ್ವತವಲ್ಲ. 2013ರಲ್ಲಿ ಕರ್ನಾಟಕದ ಆಯೋಗ ಸಬ್ಸಿಡಿ ಪಡೆಯದ ಮಾಳಿಗೆ ಸೋಲಾರಿಗೆ ಯೂನಿಟ್ಟಿಗೆ 9 ರೂ. 56 ಪೈಸೆ ನಿಗದಿ ಮಾಡಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಛಾವಣಿಯ ಮೇಲೆ 2015ರಲ್ಲಿ 400 ಕಿಲೋವ್ಯಾಟ್ ಘಟಕ ಬಂದದ್ದು ಆ ಕಾಲದಲ್ಲೇ. ಮಾರುವುದೇ ವ್ಯಾಪಾರವಾಗಿ ಕಂಡ ದಿನಗಳವು. 2016ರ ಮೇ ತಿಂಗಳಲ್ಲಿ ಹೊಸ ಘಟಕಗಳಿಗೆ ದರವನ್ನು ಗಾತ್ರದ ಮೇಲೆ 7 ರೂ. 8 ಪೈಸೆಯಿಂದ 5 ರೂ. 20 ಪೈಸೆಗೆ ಇಳಿಸಲಾಯಿತು. ಫಲಕದ ಬೆಲೆ ಇಳಿದಂತೆ ಕೊಳ್ಳುವ ದರವೂ ಇಳಿಯುವುದು ಸಹಜ. ಮಾರಾಟವನ್ನೇ ನಂಬಿ ಸಾಲ ಮಾಡಬಾರದು ಎನ್ನುವುದು ಇದಕ್ಕೇ.

ಕರೆಂಟು ಹೋದರೆ ಸೋಲಾರೂ ಹೋಗುತ್ತದೆ

ಸೋಲಾರ್ ಹಾಕಿಸಿದ ಮೇಲೆ ಹೆಚ್ಚು ಜನ ಬೇಸರಪಡುವುದು ಈ ವಿಷಯಕ್ಕೆ. ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಜೋಡಿಸಿದ ಘಟಕ ಇ.ಬಿ. ಲೈನು ನಿಂತ ಕೂಡಲೇ ತಾನೂ ನಿಲ್ಲುತ್ತದೆ, ನಡುಮಧ್ಯಾಹ್ನದ ಬಿಸಿಲಿದ್ದರೂ ಅಷ್ಟೇ. ಇದು ಕೆಟ್ಟು ನಿಲ್ಲುವುದಲ್ಲ. ಕಂಬ ಹತ್ತಿದ ಲೈನ್‌ಮ್ಯಾನಿಗೆ ಮಾಳಿಗೆಯ ಕರೆಂಟು ಹೊಡೆಯದಿರಲಿ ಎಂದು ಇನ್ವರ್ಟರಿನಲ್ಲೇ ಇಟ್ಟಿರುವ ಕಡ್ಡಾಯ ವ್ಯವಸ್ಥೆ. ಇದನ್ನು ಬಗ್ಗಿಸಿ ಜೋಡಿಸಿಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ನರನ್ನು ಹತ್ತಿರ ಸೇರಿಸಬಾರದು.

ಪವರ್ ಕಟ್ಟಿನ ಕಾಟ ಇರುವ ಕಡೆ ದಾರಿ ಎರಡು. ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿ, ಬಿಲ್ಲಿಂಗ್ ಕಂಪ್ಯೂಟರು, ದೀಪ, ಒಂದೆರಡು ಫ್ರಿಡ್ಜಿನಂಥ ಅಗತ್ಯದ ಲೈನನ್ನಷ್ಟೇ ಅದಕ್ಕೆ ಕೊಡುವುದು ಒಂದು. ಇಡೀ ಕಟ್ಟಡಕ್ಕೆ ಬ್ಯಾಟರಿ ಎಂದರೆ ಖರ್ಚು ಕೈಮೀರುತ್ತದೆ. ಈಗಾಗಲೇ ಡೀಸೆಲ್ ಜನರೇಟರ್ ಇದ್ದರೆ ಅದರ ಜತೆಗೇ ಸೋಲಾರ್ ಓಡುವಂತೆ ನಿಯಂತ್ರಣ ಯಂತ್ರ ಕೂಡಿಸುವುದು ಇನ್ನೊಂದು. ಆ ಯಂತ್ರವಿಲ್ಲದೆ ಎರಡನ್ನೂ ಒಂದೇ ಲೈನಿಗೆ ಬಿಟ್ಟರೆ ಸೋಲಾರಿನ ಹೆಚ್ಚುವರಿ ಕರೆಂಟು ಜನರೇಟರಿನೊಳಕ್ಕೆ ನುಗ್ಗಿ ಅದನ್ನು ಕೆಡಿಸುತ್ತದೆ.

ಮಾಳಿಗೆ ತಡೆಯುವುದೇ?

ಈಗಿನ 540 ವ್ಯಾಟಿನ ಒಂದು ಫಲಕ 27ರಿಂದ 30 ಕಿಲೋ ತೂಗುತ್ತದೆ. 10 ಕಿಲೋವ್ಯಾಟಿಗೆ 19 ಫಲಕ, ಅಂದರೆ ಅರ್ಧ ಟನ್ನಿಗೂ ಮೇಲೆ, ಕಬ್ಬಿಣದ ಚೌಕಟ್ಟು ಬೇರೆ. ಒಳ್ಳೆಯ ಆರ್.ಸಿ.ಸಿ. ಮಾಳಿಗೆಗೆ ಈ ತೂಕ ದೊಡ್ಡದಲ್ಲ. ನಿಜವಾದ ಶತ್ರು ಗಾಳಿ. ಏಪ್ರಿಲ್, ಮೇ ತಿಂಗಳಲ್ಲಿ ಆಲಿಕಲ್ಲಿನೊಂದಿಗೆ ಬೀಸುವ ಗಾಳಿ ಫಲಕದ ಕೆಳಗೆ ಹೊಕ್ಕು ಮೇಲಕ್ಕೆ ಎತ್ತುತ್ತದೆ. ಆದ್ದರಿಂದ ಗಂಟೆಗೆ 150 ಕಿ.ಮೀ. ಗಾಳಿಗೆ ತಡೆಯುವ ಚೌಕಟ್ಟು ಎಂದು ಕರಾರಿನಲ್ಲೇ ಬರೆಸಬೇಕು. ಬಣ್ಣ ಬಳಿದ ಕಬ್ಬಿಣ ಬೇಡ, ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದು ಬೇಕು. ಮಾಳಿಗೆಯನ್ನು ಕೊರೆದು ಬೋಲ್ಟ್ ಹಾಕಿದರೆ ಮುಂದಿನ ಮಳೆಗೇ ಸೋರುತ್ತದೆ. ಕಾಂಕ್ರೀಟ್ ದಿಮ್ಮಿ ಕಟ್ಟಿ ಅದರ ಮೇಲೆ ಕಾಲು ನಿಲ್ಲಿಸುವುದು ಸರಿಯಾದ ಕ್ರಮ.

ತಗಡಿನ ಶೀಟಿನ ಗೋಡೌನಾದರೆ ಚೌಕಟ್ಟಿನ ಹಿಡಿತ ಶೀಟಿಗಲ್ಲ, ಅದರ ಕೆಳಗಿನ ಕಬ್ಬಿಣದ ತೊಲೆಗೆ ಸಿಗಬೇಕು, ಆ ತೊಲೆಯನ್ನು ಸಿವಿಲ್ ಎಂಜಿನಿಯರರು ನೋಡಿ ಒಪ್ಪಬೇಕು. ಹಳೆಯ ಆಸ್ಬೆಸ್ಟಾಸ್ ಶೀಟಿನ ಮೇಲೆ ಹಾಕುವ ಮಾತೇ ಬೇಡ.

ಬೇರಿಕೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಫಲಕ ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ಓರೆಯಾಗಿದ್ದರೆ ಸಾಕು. ಹೊಸೂರು ಸೀಮೆಯ ತಂಪು ಹವೆ ಇಲ್ಲಿ ಲಾಭವೇ, ಏಕೆಂದರೆ ಫಲಕ ಕಾದಂತೆಲ್ಲ ಅದರ ಉತ್ಪಾದನೆ ತಗ್ಗುತ್ತದೆ. ನೆರಳಿನ ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು. ನೀರಿನ ಟ್ಯಾಂಕು, ಮೊಬೈಲ್ ಟವರು, ಪಕ್ಕದ ತೆಂಗಿನ ಮರ ಇವುಗಳ ನೆರಳು ಒಂದೇ ಫಲಕದ ಮೂಲೆಗೆ ಬಿದ್ದರೂ ಅದೇ ಸಾಲಿನ ಬೇರೆ ಫಲಕಗಳ ಉತ್ಪಾದನೆಯೂ ಕುಗ್ಗಬಹುದು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುವುದರಿಂದ ಆ ತಿಂಗಳ ನೆರಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಫಲಕದಿಂದ ಇನ್ವರ್ಟರಿಗೆ ಬರುವುದು ಡಿ.ಸಿ. ಕರೆಂಟು. ದೊಡ್ಡ ಘಟಕಗಳಲ್ಲಿ ಅದು 600 ವೋಲ್ಟಿಗಿಂತಲೂ ಹೆಚ್ಚು, ಬಿಸಿಲಿರುವವರೆಗೆ ಸ್ವಿಚ್ ಆರಿಸಿದರೂ ಫಲಕದ ಕಡೆಯ ವೈರಿನಲ್ಲಿ ಜೀವ ಇರುತ್ತದೆ. ಸಡಿಲ ಜೋಡಣೆಯಿಂದ ಕಿಡಿ ಹಾರಿದರೆ ಕೆಳಗಿನ ಗೋಡೌನಿನ ಸರಕೆಲ್ಲ ಹೋದಂತೆ. ಸೋಲಾರಿಗೆಂದೇ ತಯಾರಾದ ವೈರು, ಅದಕ್ಕೆ ಪೈಪಿನ ಹೊದಿಕೆ, ಕೈಗೆ ಸಿಗುವಲ್ಲಿ ಡಿ.ಸಿ. ಸ್ವಿಚ್ಚು ಇರಲೇಬೇಕು. ಡಿ.ಸಿ., ಎ.ಸಿ., ಸಿಡಿಲು ನಿರೋಧಕ ಈ ಮೂರಕ್ಕೂ ಪ್ರತ್ಯೇಕ ಅರ್ಥಿಂಗ್ ಬೇಕು. ಹಣ ಉಳಿಸಲು ಕಂಟ್ರಾಕ್ಟರು ಮೊದಲು ಕೈಬಿಡುವುದು ಅರ್ಥಿಂಗನ್ನೇ, ಏಕೆಂದರೆ ಅದು ಮಣ್ಣಿನೊಳಗಿರುತ್ತದೆ, ಕಾಣುವುದಿಲ್ಲ.

ಕಾಗದ ಪತ್ರ ಮತ್ತು ಆಮೇಲಿನ ಕೆಲಸ

ಘಟಕದ ಗಾತ್ರ ಮಂಜೂರಾದ ಲೋಡನ್ನು ಮೀರುವಂತಿಲ್ಲ. ಅರ್ಜಿ ಹಾಕಿ, ಟ್ರಾನ್ಸ್‌ಫಾರ್ಮರಿನಲ್ಲಿ ಅವಕಾಶ ಇದೆ ಎಂಬ ಒಪ್ಪಿಗೆ ಬಂದ ಮೇಲೆಯೇ ಕೆಲಸ ಶುರು ಮಾಡಬೇಕು. ದೊಡ್ಡ ಘಟಕಗಳಿಗೆ ವಿದ್ಯುತ್ ಪರಿವೀಕ್ಷಕರ ತಪಾಸಣೆಯೂ ಆಗಬೇಕು. ಹೋಗುವ, ಬರುವ ಯೂನಿಟ್ ಎರಡನ್ನೂ ಅಳೆಯುವ ಮೀಟರ್ ಕೂಡುವ ಮೊದಲೇ ಘಟಕ ಚಾಲೂ ಮಾಡಿದರೆ ಹೊರಗೆ ಹೋದ ಯೂನಿಟ್ಟಿಗೆ ಹಣ ಸಿಗದು. ಬಾಡಿಗೆ ಕಟ್ಟಡವಾದರೆ ಬಾಡಿಗೆ ಕರಾರಿನ ಅವಧಿ ಬಂಡವಾಳ ವಾಪಸಾಗುವ ಅವಧಿಗಿಂತ ಹೆಚ್ಚಿದೆಯೇ ಎಂದು ನೋಡಬೇಕು. ಮಾಲೀಕರ ಒಪ್ಪಿಗೆ ಬಾಯಿಮಾತಿನಲ್ಲಿದ್ದರೆ ಸಾಲದು.

ಫಲಕದ ಮೇಲೆ ಬಿ.ಐ.ಎಸ್. ಗುರುತು ಇರಬೇಕು. 25 ವರ್ಷದ ಗ್ಯಾರಂಟಿ ಎಂದು ಹೇಳುವುದು ಉತ್ಪಾದನೆಗೆ. ಫಲಕ ಒಡೆದರೆ, ಕೆಟ್ಟರೆ ಇರುವ ಗ್ಯಾರಂಟಿ ಸಾಮಾನ್ಯವಾಗಿ 10, 12 ವರ್ಷ. ಇನ್ವರ್ಟರಿಗೆ ಇನ್ನೂ ಕಡಿಮೆ, ಒಮ್ಮೆಯಾದರೂ ಅದನ್ನು ಬದಲಿಸುವ ಹಣ ತೆಗೆದಿಟ್ಟಿರಬೇಕು. ಐದು ವರ್ಷದ ನಿರ್ವಹಣೆಯನ್ನೂ ಅದೇ ಕರಾರಿನಲ್ಲಿ ಸೇರಿಸಿ, ಕೊನೆಯ ಕಂತಿನ ಸ್ವಲ್ಪ ಹಣವನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಹಿಡಿದಿಡುವುದು ಜಾಣತನ.

ಕಲ್ಲು ಗಣಿ, ಜಲ್ಲಿ ಕ್ರಷರ್ ಹತ್ತಿರ ಇರುವ ಕಡೆ ಧೂಳು ಬೇಗ ಕೂರುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಕ್ರಷರ್ ಪಕ್ಕದಲ್ಲಿ ವಾರಕ್ಕೊಮ್ಮೆ ತೊಳೆಯಬೇಕು. ಅದೂ ಬೆಳಗಿನ ಜಾವ ಅಥವಾ ಸಂಜೆ, ಕಾದ ಗಾಜಿನ ಮೇಲೆ ತಣ್ಣೀರು ಬೀಳಬಾರದು. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಉಪ್ಪು ಗಾಜಿಗೆ ಅಂಟಿ ಬಿಡದು. ಸಂಗ್ರಹಿಸಿದ ಮಳೆನೀರು ಉತ್ತಮ, ಇಲ್ಲವಾದರೆ ತೊಳೆದ ಕೂಡಲೇ ವೈಪರಿನಿಂದ ನೀರು ಎಳೆದುಬಿಡಬೇಕು. ಇನ್ವರ್ಟರ್ ತೋರಿಸುವ ಯೂನಿಟ್ಟನ್ನು ತಿಂಗಳ ಒಂದನೇ ತಾರೀಖು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿದ್ದರೆ, ಯಾವುದಾದರೂ ಸಾಲು ಸತ್ತಿದ್ದು ಬಿಲ್ಲು ಬರುವುದಕ್ಕೆ ಮೊದಲೇ ಗೊತ್ತಾಗುತ್ತದೆ.